ಹಿತ್ತಲಿನ ಗಡ್ಡೆ ಮತ್ತು ಮನೆಯ ವ್ರತ

ಸೊರಬ ತಾಲ್ಲೂಕಿನ ಹೊಸಬಾಳೆಯಲ್ಲಿ ಒಂದು ಶ್ರಾವಕ ಕುಟುಂಬವಿದೆಯೆಂದು ಭಾವಿಸಿಕೊಳ್ಳಬಹುದು. ಗದ್ದೆಯಲ್ಲಿ ಭತ್ತ, ತಗ್ಗಿನಲ್ಲಿ ಸ್ವಲ್ಪ ಅಡಿಕೆ, ಮನೆಯ ಹಿಂದೆ ಬೇಲಿ ಹಾಕಿದ ಹಿತ್ತಲು. ಮಳೆಗಾಲ ಕಳೆದು, ವೀರನಿರ್ವಾಣದ ದೀಪಾವಳಿ ಮುಗಿದ ಮೇಲೆ ಆ ಮನೆಯ ಸೊಸೆ ಹಿತ್ತಲಿನಲ್ಲಿ ನಾಲ್ಕು ಸಾಲು ಆಲೂಗಡ್ಡೆ ಹಾಕಿಸುತ್ತಾಳೆ. ಮಾಘಮಾಸದಲ್ಲಿ ಅಗೆಸಿ, ನೆರಳಿನಲ್ಲಿ ಆರಿಸಿ, ಅಟ್ಟದ ಮೇಲೆ ಹರಡಿಡುತ್ತಾಳೆ. ಅನಂತರ ಬಂದ ಫಾಲ್ಗುಣದ ಅಷ್ಟಾಹ್ನಿಕ ಪರ್ವದಲ್ಲಿ ಅತ್ತೆ ಬಸದಿಗೆ ಹೋಗಿ, ಗುರುಸಾಕ್ಷಿಯಾಗಿ ಕಂದಮೂಲಗಳನ್ನು ಯಾವಜ್ಜೀವ ತ್ಯಜಿಸುವ ವ್ರತವನ್ನು ಸ್ವೀಕರಿಸಿ ಮನೆಗೆ ಬರುತ್ತಾಳೆ. ಅಟ್ಟದ ಮೇಲಿನ ರಾಶಿ ಇಟ್ಟಲ್ಲಿಯೇ ಇದೆ. ಅದನ್ನು ಈಗ ಏನು ಮಾಡತಕ್ಕದ್ದು?

ಪ್ರಶ್ನೆ ಸಣ್ಣದೆಂದು ತೋರುತ್ತದೆ. ಆದರೆ ಮನೆಯಲ್ಲಿ ಒಬ್ಬೊಬ್ಬರೂ ಒಂದೊಂದು ಉತ್ತರ ಕೊಡುತ್ತಾರೆ. ತಿಪ್ಪೆಗೆ ಚೆಲ್ಲಿಬಿಡಬೇಕೆಂದು ಒಬ್ಬರು; ಚೆಲ್ಲುವುದೇಕೆ, ಸಂತೆಗೆ ಒಯ್ದು ಮಾರಿದರಾಯಿತೆಂದು ಮಗ; ವ್ರತ ಅತ್ತೆಯದು, ಮಕ್ಕಳು ತಿನ್ನಲಿ ಎಂದು ಸೊಸೆ; ಕೊಟ್ಟಿಗೆಯ ದನಕ್ಕೆ ಹಾಕಬಹುದೆಂದು ಆಳು. ಯಾವ ಉತ್ತರವನ್ನು ಹಿಡಿದರೂ ಅದರ ಹಿಂದೆ ಸಿದ್ಧಾಂತದ ಒಂದು ಮಾತು ನಿಂತಿದೆ. ಆದುದರಿಂದ ಗಡ್ಡೆ ಏಕೆ ವರ್ಜ್ಯ ಎಂಬಲ್ಲಿಂದಲೇ ವಿಚಾರವನ್ನು ಆರಂಭಿಸುವುದು ಯುಕ್ತ.

ಆಲೂಗಡ್ಡೆ ನಮ್ಮ ಆಚಾರ್ಯರು ಕಂಡ ವಸ್ತುವಲ್ಲ. ಅದರ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಪ್ರದೇಶ. ಪೋರ್ಚುಗೀಸರ ಹಡಗುಗಳ ಮೂಲಕ ಪಶ್ಚಿಮ ಕರಾವಳಿಗೆ ಬಂದಿತೆನ್ನುವುದಕ್ಕೆ ಕೊಂಕಣಿ, ಮರಾಠಿಗಳಲ್ಲಿ ಇಂದಿಗೂ ಬಳಕೆಯಲ್ಲಿರುವ ಬಟಾಟ ಎಂಬ ಹೆಸರೇ ಗುರುತು. ಸಮಂತಭದ್ರಾಚಾರ್ಯರ ಕಾಲದಲ್ಲಿಯಾಗಲಿ, ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳ ಕಾಲದಲ್ಲಿಯಾಗಲಿ ಅದು ಈ ನೆಲದಲ್ಲಿರಲಿಲ್ಲ. ಇಷ್ಟನ್ನು ತಿಳಿದ ಕಾಲೇಜು ಹುಡುಗನು, ಶಾಸ್ತ್ರದಲ್ಲಿ ಹೆಸರೇ ಇಲ್ಲದುದಕ್ಕೆ ನಿಷೇಧವೆಲ್ಲಿಂದ ಬಂತೆಂದು ಕೇಳುವುದುಂಟು. ಕೇಳುವುದು ತಪ್ಪಲ್ಲ. ಆದರೆ ಶಾಸ್ತ್ರವು ಪಟ್ಟಿಯನ್ನು ಕೊಟ್ಟು ಕೈತೊಳೆದುಕೊಂಡಿಲ್ಲ, ಲಕ್ಷಣವನ್ನು ಕೊಟ್ಟಿದೆ. ಗೊಮ್ಮಟಸಾರದ ಜೀವಕಾಂಡದಲ್ಲಿ ವನಸ್ಪತಿಗಳನ್ನು ಅವು ಹುಟ್ಟುವ ರೀತಿಯಿಂದ ಮೂಲಬೀಜ, ಅಗ್ರಬೀಜ, ಪರ್ವಬೀಜ, ಕಂದಬೀಜ, ಸ್ಕಂಧಬೀಜ, ಬೀಜರುಹ, ಸಮ್ಮೂರ್ಛಿಮ ಎಂದು ವಿಂಗಡಿಸಿದೆ. ಶುಂಠಿ ಅರಿಶಿನಗಳನ್ನು ಮೂಲಬೀಜಕ್ಕೂ ಸೂರಣವನ್ನು ಕಂದಬೀಜಕ್ಕೂ ವ್ಯಾಖ್ಯಾನಕಾರರು ಉದಾಹರಿಸುತ್ತಾರೆ. ಮುಂದೆ ಅನಂತ ಜೀವಗಳಿಗೆ ಆಶ್ರಯವಾದ ವನಸ್ಪತಿಯನ್ನು ಗುರುತಿಸುವ ಬಗೆಯನ್ನೂ ಹೇಳಿದೆ: ಅದರ ನರ, ಸಂಧಿ, ಗೆಣ್ಣುಗಳು ಹೊರಗೆ ಕಾಣುವುದಿಲ್ಲ, ಮುರಿದರೆ ಸಮನಾಗಿ ಮುರಿಯುತ್ತದೆ, ನಾರು ಬರುವುದಿಲ್ಲ, ಕಡಿದು ನೆಟ್ಟರೂ ಬೆಳೆಯುತ್ತದೆ.

ಈ ಕೊನೆಯ ಲಕ್ಷಣವನ್ನು ಹಿತ್ತಲಿನಲ್ಲಿ ನಿಂತು ನೋಡಬಹುದು. ಬಿತ್ತನೆಯ ದಿನ ದೊಡ್ಡ ಗಡ್ಡೆಯನ್ನು ಚೂರಿಯಿಂದ ಎರಡು ಮೂರು ಹೋಳು ಮಾಡುತ್ತಾರೆ. ಹೋಳೊಂದಕ್ಕೆ ಎರಡು ಕಣ್ಣಾದರೂ ಇರಬೇಕೆಂಬುದು ನಿಯಮ. ಕೊಯ್ದ ಮುಖ ಕೊಳೆಯದಿರಲೆಂದು ಒಲೆಯ ಬೂದಿಯನ್ನು ಸವರಿ, ಒಂದೆರಡು ದಿನ ನೆರಳಿನಲ್ಲಿಟ್ಟರೆ ಗಾಯ ತಾನಾಗಿ ಮಾಯುತ್ತದೆ. ಗೇಣುದ್ದಕ್ಕೊಂದರಂತೆ ಸಾಲಿನಲ್ಲಿ ಇಟ್ಟು ಮಣ್ಣು ಮುಚ್ಚಿದರೆ ಪ್ರತಿಯೊಂದು ಹೋಳೂ ಬೇರೆ ಗಿಡವಾಗುತ್ತದೆ. ತಿಂಗಳ ಹೊತ್ತಿಗೆ ಬುಡಕ್ಕೆ ಮಣ್ಣೇರಿಸಬೇಕು. ತೊಂಬತ್ತು ನೂರು ದಿನಕ್ಕೆ ಎಲೆ ಹಳದಿಯಾದಾಗ ಬಳ್ಳಿಯನ್ನು ಕೊಯ್ದು ಹತ್ತು ದಿನ ಬಿಟ್ಟರೆ ನೆಲದೊಳಗೆ ಸಿಪ್ಪೆ ಬಲಿಯುತ್ತದೆ. ಅನಂತರ ಅಗೆತ. ಹೀಗೆ ಒಂದು ಗಡ್ಡೆಯೆಂದರೆ ಒಂದು ಜೀವವಲ್ಲವೆಂಬುದು ಶಾಸ್ತ್ರವನ್ನು ಓದದ ರೈತನಿಗೂ ತನ್ನ ಚೂರಿಯ ಅನುಭವದಿಂದಲೇ ಗೊತ್ತು. ಆಲೂಗಡ್ಡೆ ಬೇರಲ್ಲ, ನೆಲದಡಿಯಲ್ಲಿ ಉಬ್ಬಿದ ಕಾಂಡ ಎಂದು ಸಸ್ಯಶಾಸ್ತ್ರ ಹೇಳುತ್ತದೆ, ಅದು ನಿಜವೇ. ಆದರೆ ಮೂಲ ಬೇರೆ, ಕಂದ ಬೇರೆ ಎಂದು ಜೀವಕಾಂಡವೇ ಬೇರ್ಪಡಿಸಿರುವಾಗ, ಬೇರಲ್ಲವೆಂಬ ಮಾತಿನಿಂದ ಗಡ್ಡೆಗೆ ಬಿಡುಗಡೆ ಸಿಗಲಾರದು.

ಇನ್ನು ಕೆಲವರು, ನಿಗೋದ ಜೀವಗಳನ್ನು ಸೂಕ್ಷ್ಮದರ್ಶಕದಲ್ಲಿ ಕಾಣಬಹುದು, ವಿಜ್ಞಾನವೇ ನಮ್ಮ ಶಾಸ್ತ್ರವನ್ನು ಸ್ಥಿರಪಡಿಸಿದೆ ಎಂದು ಉತ್ಸಾಹದಿಂದ ಹೇಳುತ್ತಾರೆ. ಇದು ಎರಡಕ್ಕೂ ಅನ್ಯಾಯ. ಸೂಕ್ಷ್ಮದರ್ಶಕದಲ್ಲಿ ಕಾಣುವುದು ಪಿಷ್ಟ ತುಂಬಿದ ಕೋಶಗಳು. ಒಂದೇ ಶರೀರದಲ್ಲಿ ಒಟ್ಟಿಗೆ ಆಹಾರ, ಒಟ್ಟಿಗೆ ಉಸಿರು, ಒಟ್ಟಿಗೆ ಜನನ ಮರಣಗಳನ್ನು ಹೊಂದುವ ಅನಂತ ಜೀವಗಳು ಆಗಮದಿಂದ ತಿಳಿಯತಕ್ಕವೇ ಹೊರತು ಗಾಜಿನಿಂದಲ್ಲ. ಶ್ರದ್ಧೆಯ ಮಾತನ್ನು ಶ್ರದ್ಧೆಯ ಮಾತೆಂದೇ ಹೇಳುವುದರಲ್ಲಿ ಕುಂದೇನೂ ಇಲ್ಲ.

ಕರ್ನಾಟಕದಲ್ಲಿ ಆಲೂಗಡ್ಡೆಗೆ ಹೆಸರಾದುದು ಹಾಸನ ಜಿಲ್ಲೆ. ಅಲ್ಲಿ ಮುಂಗಾರಿನಲ್ಲಿಯೇ ಬೆಳೆ. ಬಿತ್ತನೆಯ ಗಡ್ಡೆ ಪಂಜಾಬಿನ ಜಲಂಧರದಿಂದ ಬರುತ್ತದೆ. ೧೯೬೮ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿ ಎಂಬ ತಳಿ ಮನೆಮಾತಾಗಿದೆ. ಅಂಗಮಾರಿ ರೋಗ ಬಡಿದ ವರ್ಷಗಳಲ್ಲಿ ಹೊಲವೆಲ್ಲ ಕಪ್ಪಾಗಿ ರೈತರು ಸಾಲಕ್ಕೆ ಬಿದ್ದುದೂ ಉಂಟು. ಕ್ರಿ.ಶ. ೯೮೧ರ ಸುಮಾರಿಗೆ ಚಾವುಂಡರಾಯನು ಗೊಮ್ಮಟೇಶ್ವರನನ್ನು ನಿಲ್ಲಿಸಿದ ಶ್ರವಣಬೆಳಗೊಳ ಇರುವುದು ಇದೇ ಜಿಲ್ಲೆಯಲ್ಲಿ. ಗೊಮ್ಮಟಸಾರ ಹುಟ್ಟಿದುದು ಆ ಚಾವುಂಡರಾಯನ ನಿಮಿತ್ತವಾಗಿ. ಕಂದಬೀಜದ ಲಕ್ಷಣವನ್ನು ಹೇಳಿದ ಗ್ರಂಥದ ನೆಲದಲ್ಲಿಯೇ ಇಂದು ಕಂದದ ದೊಡ್ಡ ಮಾರುಕಟ್ಟೆ ಇದೆಯೆಂದು ಯಾರನ್ನಾದರೂ ಹಳಿಯಬೇಕಾಗಿಲ್ಲ, ಕಾಲ ಹಾಗಿದೆ. ಸೊರಬದ ಕಡೆಯಲ್ಲಂತೂ ಮಳೆ ಹೆಚ್ಚಾದುದರಿಂದ ಮುಂಗಾರಿನಲ್ಲಿ ಗಡ್ಡೆ ನೆಲದಲ್ಲಿಯೇ ಕೊಳೆಯುತ್ತದೆ. ಚಳಿಗಾಲದ ರಾತ್ರಿಗಳಲ್ಲಿ ಹಿತ್ತಲಿನಲ್ಲಿ ಸ್ವಲ್ಪ ಬಂದರೆ ಬಂತು.

ಆದರೆ ಈ ಸೀಮೆಗೆ ತನ್ನದೇ ಆದ ಪರೀಕ್ಷೆ ಇದೆ. ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ಹೇಳುವಾಗ ಸಮಂತಭದ್ರರು, ಪಡೆಯುವ ಫಲ ಅಲ್ಪವಾಗಿ ಆಗುವ ಘಾತ ಬಹಳವಾಗಿರುವ ಪದಾರ್ಥಗಳೆಂದು ಮೂಲಂಗಿ, ಹಸಿಶುಂಠಿ, ಬೆಣ್ಣೆ, ಬೇವಿನ ಹೂ, ಕೇದಗೆಗಳನ್ನು ಹೆಸರಿಸಿ ಬಿಡಹೇಳುತ್ತಾರೆ. ಹಸಿಶುಂಠಿಯಾದರೋ ಸೊರಬ, ಸಾಗರ, ಶಿಕಾರಿಪುರಗಳಲ್ಲಿ ಹಣದ ಬೆಳೆಯಾಗಿ ಗುಡ್ಡದ ಇಳಿಜಾರಿನವರೆಗೂ ಹಬ್ಬಿದೆ. ಆಲೂಗಡ್ಡೆ ಶಾಸ್ತ್ರದಲ್ಲಿ ಹೆಸರಿಲ್ಲವೆಂದು ವಾದಿಸುವವನು, ಹೆಸರಿರುವ ಶುಂಠಿಯನ್ನು ಬಿಟ್ಟಿದ್ದಾನೆಯೇ ಎಂದು ನೋಡಿದರೆ ವಾದದ ಬೆಲೆ ತಿಳಿಯುತ್ತದೆ. ಒಣಶುಂಠಿಗೆ ನಮ್ಮವರಲ್ಲಿ ಅಡ್ಡಿಯಿಲ್ಲ. ಹಾಗಾದರೆ ಆಲೂಗಡ್ಡೆಯನ್ನೂ ಹೆಚ್ಚಿ ಒಣಗಿಸಿ ಸಂಡಿಗೆ ಮಾಡಿಟ್ಟುಕೊಂಡು ಚಾತುರ್ಮಾಸದಲ್ಲಿ ಕರಿಯಬಹುದಲ್ಲವೇ ಎಂಬ ಜಾಣತನವೂ ಹುಟ್ಟಿಕೊಂಡಿದೆ. ಒಣಶುಂಠಿ ಚಿಟಿಕೆಯ ವಸ್ತು. ಕಷಾಯಕ್ಕೆ, ಬಾಣಂತಿಯ ಮದ್ದಿಗೆ. ಯಾರೂ ಅದನ್ನು ಬಟ್ಟಲು ತುಂಬ ತಿನ್ನುವುದಿಲ್ಲ. ಸಂಡಿಗೆಯಲ್ಲಿ ಒಣಗಿರುವುದು ಗಡ್ಡೆ ಮಾತ್ರ, ಆಸೆ ಹಸಿಯಾಗಿಯೇ ಉಳಿದಿದೆ. ತರ್ಕದಿಂದ ಎರಡನ್ನೂ ಬೇರೆಮಾಡುವುದು ಸುಲಭವಲ್ಲವೆಂದು ಒಪ್ಪಬೇಕು. ಫಲ ಎಷ್ಟು, ಘಾತ ಎಷ್ಟು ಎಂಬ ಆಚಾರ್ಯರ ಅಳತೆಗೋಲನ್ನು ಇಟ್ಟಾಗಲೇ ಬೇರೆಯಾಗುತ್ತವೆ.

ಬೇಯಿಸಿದ ಗಡ್ಡೆ ಪ್ರಾಸುಕವಾಯಿತು, ಇನ್ನು ದೋಷವೇನು ಎಂಬ ಮಾತಿಗೆ ಸ್ವಲ್ಪ ಹೆಚ್ಚು ಬಲವಿದೆ. ಐದನೆಯದಾದ ಸಚಿತ್ತತ್ಯಾಗ ಪ್ರತಿಮೆಯಲ್ಲಿ ಹಸಿಯಾದ ಮೂಲ, ಫಲ, ಶಾಕ, ಕಂದ, ಹೂ, ಬೀಜಗಳನ್ನು ತಿನ್ನಬಾರದೆಂದಿರುವುದರಿಂದ, ಬೆಂದ ಕಂದಕ್ಕೆ ಅಲ್ಲಿ ಅನುಮತಿ ಇದೆಯೆಂದು ಕೆಲವರು ಅರ್ಥಮಾಡುತ್ತಾರೆ. ಆದರೆ ಆ ಪ್ರತಿಮೆಗೆ ಏರುವವನು ಎರಡನೆಯ ಪ್ರತಿಮೆಯಲ್ಲಿಯೇ ಭೋಗೋಪಭೋಗದ ಮಿತಿಯನ್ನು ಹಾಕಿಕೊಂಡು ಬಂದವನು. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ, ಇಂಥ ಒಂದನ್ನು ಕೊಲ್ಲಹೊರಟವನು ಅನಂತವನ್ನು ಕೊಲ್ಲುತ್ತಾನಾದುದರಿಂದ ಅನಂತಕಾಯಗಳೆಲ್ಲವನ್ನೂ ಅವಶ್ಯವಾಗಿ ಪರಿಹರಿಸಬೇಕೆಂದು ನೇರವಾಗಿ ಹೇಳಿದ್ದಾರೆ. ಬೇಯಿಸುವುದರಿಂದ ಸತ್ತವು ಮತ್ತೆ ಬದುಕುವುದಿಲ್ಲ.

ಇಲ್ಲಿಯೇ ಮನೆಯವರು ಸಾಮಾನ್ಯವಾಗಿ ಗಮನಿಸದ ಒಂದು ಅಂಶವಿದೆ. ಹಿಂಸೆ ನಡೆಯುವುದು ನಾಲಗೆಯ ಮೇಲಲ್ಲ. ಅದು ಗುದ್ದಲಿಯ ಬಾಯಲ್ಲಿ, ಈಳಿಗೆಯ ಅಲಗಿನಲ್ಲಿ, ಕುದಿಯುವ ನೀರಿನಲ್ಲಿ ನಡೆದುಹೋಗಿರುತ್ತದೆ. ತಟ್ಟೆಗೆ ಬರುವ ಹೊತ್ತಿಗೆ ಕೊಲ್ಲುವುದಕ್ಕೆ ಏನೂ ಉಳಿದಿರುವುದಿಲ್ಲ. ಹಾಗಿದ್ದೂ ಆಚಾರ್ಯರು ಇದನ್ನು ಭೋಗದ ಪ್ರಕರಣದಲ್ಲಿ, ಅಂದರೆ ತಿನ್ನುವವನ ವ್ರತವಾಗಿ ಏಕೆ ಇಟ್ಟರು? ಕೈಯನ್ನು ಕಳುಹಿಸುವುದು ನಾಲಗೆಯಾದುದರಿಂದ. ಬಯಸುವವರಿಲ್ಲದೆ ಯಾರೂ ನೆಲವನ್ನು ಅಗೆಯಲಾರರು. ಆದರೆ ನಾಲಗೆಯನ್ನು ಮಾತ್ರ ಕಟ್ಟಿ, ಅದೇ ಕೈಯಿಂದ ನೆಡುವುದು, ಅಗೆಯುವುದು, ಹೆಚ್ಚುವುದು ನಡೆದೇ ಇದ್ದರೆ ವ್ರತವು ಬುಡಮೇಲಾದ ಹಾಗಾಯಿತು. ಕೃತ, ಕಾರಿತ, ಅನುಮೋದನ ಎಂಬ ಮೂರನ್ನು ಮನ, ವಚನ, ಕಾಯಗಳೊಡನೆ ಸೇರಿಸಿ ಒಂಬತ್ತು ದಾರಿಗಳನ್ನು ಎಣಿಸಿದುದು ಈ ಕಾರಣಕ್ಕೆ.

ಗದ್ದೆಯ ಮಾತನ್ನು ಎತ್ತುವವರ ಆಕ್ಷೇಪವೇ ಎಲ್ಲಕ್ಕಿಂತ ಗಂಭೀರವಾದುದು. ನಾಲ್ಕು ಸಾಲು ಗಡ್ಡೆಯನ್ನು ಅಗೆಯುವಾಗ ಎರೆಹುಳು, ಗೊಣ್ಣೆಹುಳು, ಇರುವೆ ಸಾಯುತ್ತವೆಂದು ಮರುಗುವ ಮನೆಯವರು, ಕೆಸರುಗದ್ದೆಯನ್ನು ಉಳುವಾಗ ಏಡಿ, ಕಪ್ಪೆ, ಹುಳುಗಳು ಎಷ್ಟು ಸಾಯುತ್ತವೆಂದು ಎಣಿಸಿದ್ದಾರೆಯೇ? ಎಣಿಸಿಲ್ಲ, ಎಣಿಸಿದರೆ ಊಟ ಸೇರಲಾರದು. ಇದಕ್ಕೆ ಸುಲಭವಾದ ಸಮಾಧಾನ ಹೇಳಿ ಜಾರಿಕೊಳ್ಳುವುದು ಸರಿಯಲ್ಲ. ಆದಿದೇವನು ಪ್ರಜೆಗಳಿಗೆ ಅಸಿ, ಮಸಿ, ಕೃಷಿ ಮೊದಲಾದ ಷಟ್ಕರ್ಮಗಳನ್ನು ಕಲಿಸಿದನೆಂದು ಜಿನಸೇನಾಚಾರ್ಯರ ಆದಿಪುರಾಣ ಹೇಳುತ್ತದೆ. ಗೃಹಸ್ಥನು ಬಿಡಲೇಬೇಕಾದುದು ಸಂಕಲ್ಪಿ ಹಿಂಸೆ. ಆರಂಭಿ, ಉದ್ಯೋಗಿ, ವಿರೋಧಿ ಹಿಂಸೆಗಳನ್ನು ಅವನು ಪೂರ್ತಿ ಬಿಡಲಾರ. ಅಕ್ಕಿಯಿಲ್ಲದೆ ಮಲೆನಾಡಿನ ಮನೆ ನಡೆಯದು. ಆಲೂಗಡ್ಡೆಯಿಲ್ಲದೆ ನಡೆಯುತ್ತದೆ, ಮುನ್ನೂರು ವರ್ಷಗಳ ಹಿಂದೆ ಇದೇ ಹಿತ್ತಲುಗಳಲ್ಲಿ ನಡೆದಿತ್ತು. ಏಕೇಂದ್ರಿಯ ಘಾತವನ್ನು ಕೂಡ ಬದುಕಿಗೆ ಬೇಕಾದ ಅಲ್ಪಕ್ಕೆ ನಿಲ್ಲಿಸಬೇಕೆಂಬುದು ಶ್ರಾವಕನಿಗೆ ಹಾಕಿದ ಗೆರೆ. ಆ ಗೆರೆಯ ಆಚೆಗೆ ಗಡ್ಡೆ ಬೀಳುತ್ತದೆ, ಭತ್ತ ಈಚೆಗೆ ಉಳಿಯುತ್ತದೆ. ಉಳಿದ ಮಾತ್ರಕ್ಕೆ ಗದ್ದೆಯ ದೋಷ ಇಲ್ಲವಾಯಿತೆಂದಲ್ಲ. ಅನ್ನ ಉಣ್ಣುವವನು ಗಡ್ಡೆ ತಿನ್ನುವವನನ್ನು ಕಂಡು ಹುಬ್ಬು ಗಂಟಿಕ್ಕುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.

ಬೆಳೆಯುವುದಕ್ಕಿಂತ ಕೂಡಿಡುವುದರಲ್ಲಿ ಹೆಚ್ಚಿನ ಆಪತ್ತಿದೆ ಎಂಬುದನ್ನು ಕೆಲವರೇ ಬಲ್ಲರು. ಆಲೂಗಡ್ಡೆ ಅಟ್ಟದ ಮೇಲೂ ಉಸಿರಾಡುತ್ತದೆ. ಬೆಳಕು ತಗುಲಿದರೆ ಹಸಿರಾಗಿ ವಿಷವೇರುತ್ತದೆ. ಸೆಕೆ ಹೆಚ್ಚಿದರೆ ಬತ್ತುತ್ತದೆ. ಎರಡು ಮೂರು ತಿಂಗಳ ನಿದ್ರೆ ಮುಗಿದ ಮೇಲೆ, ನೀರು ಮಣ್ಣು ಏನೂ ಇಲ್ಲದೆ, ಕತ್ತಲೆಯಲ್ಲಿಯೇ ಬಿಳಿಯ ಮೊಳಕೆಗಳನ್ನು ಹೊರಡಿಸುತ್ತದೆ. ಇದಲ್ಲದೆ ಒಂದು ಬೂದು ಬಣ್ಣದ ಸಣ್ಣ ಪತಂಗ ಕಣ್ಣುಗಳ ಬಳಿ ಮೊಟ್ಟೆಯಿಡುತ್ತದೆ. ಮರಿಹುಳು ಗಡ್ಡೆಯೊಳಗೆ ಸುರಂಗ ಕೊರೆಯುತ್ತದೆ. ಒಣಮರಳಿನಿಂದ ಮುಚ್ಚಿ ಕಾಪಾಡಿದರೆ ಒಂದು ಬಗೆ. ಆದರೆ ರಾಶಿ ಹಾಳಾಗುತ್ತದೆಂಬ ಗಾಬರಿಯಲ್ಲಿ ಪುಡಿ ಮದ್ದನ್ನು ತಂದು ಉದುರಿಸಿದರೆ, ಅದು ಕಣ್ಣಿಗೆ ಕಾಣುವ ತ್ರಸಜೀವಗಳನ್ನು ಕೊಲ್ಲಬೇಕೆಂದೇ ಮಾಡಿದ ಕೆಲಸ. ಅಲ್ಲಿ ನಿಗೋದದ ಸೂಕ್ಷ್ಮ ವಿಚಾರವೇ ಬೇಕಿಲ್ಲ, ಮೊದಲನೆಯ ಅಣುವ್ರತವೇ ಮುರಿಯುತ್ತದೆ. ನಿಗೋದವನ್ನು ಒಪ್ಪದವರೂ ಈ ಮಾತಿಗೆ ಉತ್ತರ ಕೊಡಬೇಕಾಗುತ್ತದೆ.

ಇನ್ನು ಅಟ್ಟದ ರಾಶಿಗೆ ಬರಬಹುದು. ತಿಪ್ಪೆಗೆ ಚೆಲ್ಲುವುದು ಶುದ್ಧಿಯ ದಾರಿಯಂತೆ ಕಾಣುತ್ತದೆ, ಆದರೆ ಅಲ್ಲ. ಅಗೆದ ದೋಷ ಅಗೆದಾಗಲೇ ಆಗಿದೆ. ಚೆಲ್ಲಿದರೆ ಅದು ಕಳೆಯುವುದಿಲ್ಲ. ಕೊಳೆತ ರಾಶಿಯಲ್ಲಿ ನೊಣ, ಹುಳು ಅಸಂಖ್ಯವಾಗಿ ಹುಟ್ಟಿ ಕೋಳಿ ಕಾಗೆಗಳಿಗೆ ತುತ್ತಾಗುತ್ತವೆ. ದನಕ್ಕೆ ಹಾಕಿದರೆ, ಹಸಿರೇರಿದ ಮೊಳೆತ ಗಡ್ಡೆ ದನಕ್ಕೂ ಕೇಡು. ಮತ್ತೆ ನೆಡುವುದಂತೂ ಸಲ್ಲದು. ಅದರಿಂದ ಒಂದು ಬುಟ್ಟಿ ಹತ್ತು ಬುಟ್ಟಿಯಾಗುತ್ತದೆ. ಉಳಿದವು ಎರಡು: ಮಾರುವುದು, ಕೊಡುವುದು.

ಮಾರಿದರೆ ಬಂದ ಹಣದಿಂದ ತಂದ ಬೆಲ್ಲವನ್ನು ಅತ್ತೆಯೂ ಉಣ್ಣುತ್ತಾಳೆ. ಬಿಟ್ಟ ವಸ್ತುವಿನಿಂದ ಲಾಭ ಬಂದಾಗ ಬಿಟ್ಟೆನೆಂಬುದರ ತೂಕ ಸ್ವಲ್ಪ ಇಳಿಯುತ್ತದೆ. ಮನೆಗೆ ಹಣದ ಅಡಚಣೆ ಇದ್ದರೆ ಮಗನು ಮಾರಬಹುದು, ಅವನು ವ್ರತಿಯಲ್ಲ. ಅತ್ತೆ ಆ ಲೆಕ್ಕಕ್ಕೆ ಕೈಹಾಕದಿರುವುದು ಲೇಸು. ಕೆಲಸಕ್ಕೆ ಬರುವ ಹೆಂಗಸು, ಅಮ್ಮಾ, ಮೊಳಕೆ ಬರ್ತಾ ಇದೆ, ನಮಗಾದ್ರೂ ಕೊಡಿ ಎಂದು ಕೇಳಿದರೆ ಕೊಡುವುದರಲ್ಲಿ ಹೊಸ ಹಿಂಸೆ ಹುಟ್ಟುವುದಿಲ್ಲ. ಆ ಹೆಂಗಸು ಹೇಗೂ ಸಂತೆಯಲ್ಲಿ ಕೊಳ್ಳತಕ್ಕವಳು. ಇಲ್ಲಿ ಪಡೆದಷ್ಟು ಅಲ್ಲಿ ಕೊಳ್ಳುವುದು ತಪ್ಪುತ್ತದೆ. ಆದರೆ ಹುಳಿ ಮಾಡು, ರುಚಿಯಾಗುತ್ತದೆ ಎಂಬ ಒಂದು ಮಾತನ್ನು ಸೇರಿಸಿ ಕೊಟ್ಟರೆ ಅದು ಅನುಮೋದನೆ. ಹಾಗೆಯೇ ಅದನ್ನು ಆಹಾರದಾನವೆಂದು ಪುಣ್ಯದ ಲೆಕ್ಕಕ್ಕೆ ಬರೆದುಕೊಳ್ಳಲೂಬಾರದು. ಹಸಿದವಳಾದರೆ ಅಕ್ಕಿಯನ್ನು ಕೊಡಬೇಕು. ತನಗೆ ಬೇಡವಾದುದನ್ನು ಕೊಟ್ಟು ದಾನವೆಂದರೆ ದಾನಕ್ಕೆ ಅವಮಾನ.

ಸೊಸೆಯ ವಿಷಯ ಇನ್ನೂ ನಯವಾದುದು. ವ್ರತವೆಂದರೆ, ಯೋಗ್ಯವಾದ ವಿಷಯದಿಂದಲೂ ಬುದ್ಧಿಪೂರ್ವಕವಾಗಿ ಹಿಂದೆ ಸರಿಯುವುದು ಎಂದು ಸಮಂತಭದ್ರರ ನಿರ್ಣಯ. ಬುದ್ಧಿಪೂರ್ವಕ ಎಂದ ಮೇಲೆ ಒಬ್ಬರ ಬುದ್ಧಿ ಇನ್ನೊಬ್ಬರಿಗೆ ವ್ರತವಾಗಲಾರದು. ಅತ್ತೆಯ ಮಾತಿಗೆ ಹೆದರಿ ಗಡ್ಡೆ ಬಿಟ್ಟ ಸೊಸೆ ತವರಿಗೆ ಹೋದಾಗ ತಿನ್ನುತ್ತಾಳೆ, ಹಿಂದಿರುಗಿ ಬಂದು ಇಲ್ಲವೆನ್ನುತ್ತಾಳೆ. ಹಿಂಸೆಯ ಜೊತೆಗೆ ಸುಳ್ಳು ಸೇರಿತು. ಅವಳು ಅಷ್ಟಮಿ, ಚತುರ್ದಶಿ, ದಶಲಕ್ಷಣದ ದಿನಗಳಿಗೆ ಮಾತ್ರ ನಿಯಮ ಹಿಡಿದು ನಡೆಸಿದರೆ ಅದು ಚಿಕ್ಕದಲ್ಲ. ಕಾಲಮಿತಿಯುಳ್ಳದ್ದು ನಿಯಮ, ಬದುಕಿರುವವರೆಗಿನದು ಯಮ. ಶಾಸ್ತ್ರ ಎರಡಕ್ಕೂ ಸ್ಥಾನ ಕೊಟ್ಟಿದೆ.

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿ ಒಂದು ಶಾಸನವಿದೆ. ಹತ್ತನೆಯ ಶತಮಾನದ ಆರಂಭದಲ್ಲಿ, ರಾಷ್ಟ್ರಕೂಟರ ಆಳಿಕೆಯಲ್ಲಿ, ಗಂಡನು ಸತ್ತ ಮೇಲೆ ನಾಗರಖಂಡ ಎಪ್ಪತ್ತರ ನಾಳ್ಗಾವುಂಡಿಯಾಗಿ ಅಧಿಕಾರ ನಡೆಸಿದ ಜಕ್ಕಿಯಬ್ಬೆಯದು ಅದು. ರೋಗ ಬಂದಾಗ ಅವಳು ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ತೀರ್ಥದ ಬಸದಿಯಲ್ಲಿ ವ್ರತವನ್ನು ಕೈಗೊಂಡು ದೇಹವನ್ನು ಬಿಟ್ಟಳು. ಸೊರಬ ತಾಲ್ಲೂಕಿನ ಹಿರೇಆವಲಿಯ ನಿಷಿಧಿಗಲ್ಲುಗಳಲ್ಲಿಯೂ ಹೀಗೆ ಸಮಾಧಿವಿಧಿಯಿಂದ ಮುಡಿಪಿದ ಗೃಹಸ್ಥರ, ಸ್ತ್ರೀಯರ ಹೆಸರುಗಳಿವೆ. ಗಡ್ಡೆಯ ಮಾತಿಗೆ ಇಷ್ಟು ದೊಡ್ಡ ಉದಾಹರಣೆ ಬೇಕೇ ಎನ್ನಬಹುದು. ಜಕ್ಕಿಯಬ್ಬೆ ಮೊದಲು ಒಪ್ಪಿಸಿದಳು, ಅನಂತರ ಬಿಟ್ಟಳು ಎಂಬ ಕ್ರಮವನ್ನು ನೋಡಬೇಕು. ಹೊಸಬಾಳೆಯ ಅತ್ತೆ ವ್ರತ ಹಿಡಿಯುವ ಮೊದಲೇ, ಇನ್ನು ಹಿತ್ತಲು ನಿನ್ನದು ಎಂದು ಸೊಸೆಗೆ ಹೇಳಿದ್ದರೆ ರಾಶಿಯ ಪ್ರಶ್ನೆ ಅವಳ ಮೇಲೆ ಬೀಳುತ್ತಿರಲಿಲ್ಲ. ಈಗಲೂ ಹೇಳಬಹುದು. ಆರಂಭತ್ಯಾಗ ಎಂಟನೆಯ ಪ್ರತಿಮೆ, ಅನುಮತಿತ್ಯಾಗ ಹತ್ತನೆಯದು. ಅಲ್ಲಿಯವರೆಗೆ ಏರದ ಶ್ರಾವಿಕೆ ಸೊಸೆಯ ಒಲೆಯ ಮೇಲೆ ಏನು ಬೇಯುತ್ತಿದೆಯೆಂದು ಇಣುಕಿ ನೋಡಿ ನೊಂದುಕೊಳ್ಳಬೇಕಾಗಿಲ್ಲ. ತನ್ನ ಕೈಯಿಂದ ಹೆಚ್ಚದಿದ್ದರೆ ಸಾಕು.

ಸೊಸೆ ಊರಿನಲ್ಲಿಲ್ಲದ ದಿನ ಮೊಮ್ಮಗ, ಅಜ್ಜಿ, ಆಲೂಗಡ್ಡೆ ಪಲ್ಯ ಮಾಡಿಕೊಡು ಎಂದು ಹಟ ಹಿಡಿಯುವುದೂ ಉಂಟು. ತಿನ್ನುವವನು ಮಗು, ತಾನಲ್ಲವಲ್ಲ ಎಂದು ಈಳಿಗೆ ಹಿಡಿಯುವ ಅಜ್ಜಿಯರಿದ್ದಾರೆ. ಮೊದಲೇ ಹೇಳಿದಂತೆ ಇಲ್ಲಿಯೇ ಕೃತದೋಷ ಪೂರ್ತಿಯಾಗಿ ತಗುಲುವುದು. ಬಾಳೆಕಾಯಿಯನ್ನು ಹಾಗೆಯೇ ಸಣ್ಣಗೆ ಹೆಚ್ಚಿ, ಅದೇ ಒಗ್ಗರಣೆ ಹಾಕಿ ಕೊಟ್ಟರೆ ಮಗು ಉಣ್ಣುತ್ತದೆ. ಬಾಳೆಕಾಯಿ ಪಲ್ಯವನ್ನು ಆಲೂಗಡ್ಡೆಯಂತೆಯೇ ಇದೆಯೆಂದು ಹೊಗಳುತ್ತ ತಿನ್ನುವ ದೊಡ್ಡವರ ಮಾತು ಬೇರೆ. ಅವರು ಬಿಟ್ಟದ್ದು ಏನನ್ನೆಂದು ಅವರೇ ವಿಚಾರಿಸಿಕೊಳ್ಳಬೇಕು.

ಎಷ್ಟು ಜಾಗ್ರತೆಯಿಂದ ಅಗೆದರೂ ಒಂದೆರಡು ಗಡ್ಡೆ ನೆಲದಲ್ಲಿ ಉಳಿದಿರುತ್ತದೆ. ಜ್ಯೇಷ್ಠದ ಮೊದಲ ಮಳೆ ಬಿದ್ದಾಗ, ಆ ಹೊತ್ತಿಗೆ ಹೀರೆ ಅವರೆಗಳ ಬೀಜ ಊರಿರುವ ಅದೇ ಸಾಲಿನ ಅಂಚಿನಲ್ಲಿ ಅದು ಚಿಗುರುತ್ತದೆ. ಕೀಳಬೇಕೇ, ಮಣ್ಣೇರಿಸಬೇಕೇ ಎಂದು ಸೊಸೆ ಕೇಳಿದರೆ, ಎರಡೂ ಬೇಡವೆಂದು ಅತ್ತೆ ಹೇಳಬಹುದು. ಆಷಾಢದ ಮಳೆಯಲ್ಲಿ ಈ ಸೀಮೆಯ ಗಡ್ಡೆ ಹೆಚ್ಚು ದಿನ ನಿಲ್ಲುವುದಿಲ್ಲ. ನಿಂತರೆ ನಿಲ್ಲಲಿ, ಹೀರೆಯ ಬಳ್ಳಿಗೆ ಅದರಿಂದ ತೊಂದರೆಯೇನೂ ಇಲ್ಲ.